ಸಂವಿಧಾನದಲ್ಲಿ ಸಮಾನತೆ, ಪಹಣಿಯಲ್ಲಿ ಅಣ್ಣನ ಹೆಸರು: ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ವಕೀಲೆ. ಬಿಡುವಿದ್ದ ಭಾನುವಾರಗಳಂದು ಸ್ತ್ರೀಶಕ್ತಿ ಸಂಘಗಳ ಸಭೆಗಳಿಗೆ ಹೋಗುತ್ತೇನೆ. ಹರಿಹರ, ಜಗಳೂರು, ಚನ್ನಗಿರಿ, ಒಮ್ಮೊಮ್ಮೆ ಹೊಳಲ್ಕೆರೆ, ಹಿರಿಯೂರಿನವರೆಗೂ. ಸಂವಿಧಾನದ ಬಗ್ಗೆ ಮಾತನಾಡಿ ಎಂದು ಕರೆದಿರುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಜಮೀನಿಗೆ, ಕೂಲಿಗೆ, ಮುಟ್ಟಿಗೆ, ಪಂಚಾಯಿತಿಯ ಕುರ್ಚಿಗೆ ಬಂದು ನಿಲ್ಲುತ್ತದೆ. ಅಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವನ್ನು ಕೇಳಿದವರು ಗಂಡಸರು. ಅವನ್ನೂ ಬಿಟ್ಟಿಲ್ಲ.

ಗಂಡು ಹೆಣ್ಣು ಸಮಾನ ಎಂದು ಸಂವಿಧಾನದಲ್ಲಿ ನಿಜವಾಗಿಯೂ ಬರೆದಿದೆಯೇ?

ಬರೆದಿದೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ 14ನೇ ವಿಧಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಈ ಯಾವ ಕಾರಣಕ್ಕೂ ಸರ್ಕಾರ ಪ್ರಜೆಗಳಲ್ಲಿ ಭೇದ ಮಾಡಕೂಡದು ಎನ್ನುತ್ತದೆ 15(1)ನೇ ವಿಧಿ. ಸರ್ಕಾರಿ ಕೆಲಸಕ್ಕೆ 16ನೇ ವಿಧಿ ಇದೆ. ಸಮಾನ ಕೆಲಸಕ್ಕೆ ಸಮಾನ ವೇತನದ ಮಾತು 39ನೇ ವಿಧಿಯಲ್ಲಿದೆ, ಹೆರಿಗೆ ಸೌಲಭ್ಯದ ಮಾತು 42ರಲ್ಲಿದೆ. ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎಂದು 51ಎ(ಇ) ಹೇಳುತ್ತದೆ.

ಮತದಾನದ ಹಕ್ಕು 326ನೇ ವಿಧಿಯಿಂದ ಬಂದದ್ದು. 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ ಹೆಂಗಸಿನ ಮತಕ್ಕೆ ಗಂಡಸಿನ ಮತದಷ್ಟೇ ತೂಕ ಸಿಕ್ಕಿತು. ಆ ಚುನಾವಣೆಯ ಒಂದು ಸಂಗತಿಯನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಪಟ್ಟಿ ಬರೆಯಲು ಮನೆಮನೆಗೆ ಹೋದಾಗ, ಬಹುಮಟ್ಟಿಗೆ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳಲು ಒಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದರು. ಅಂಥ ಸುಮಾರು 28 ಲಕ್ಷ ಮಂದಿಯನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಸಂವಿಧಾನ ಹಕ್ಕು ಕೊಟ್ಟಿತ್ತು, ಆದರೆ ಕಾಗದದ ಮೇಲೆ ಹೆಸರಿರಲಿಲ್ಲ. ಮುಂದಿನ ಉತ್ತರಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಬರೆದ ಮೇಲೆ ಮುಗಿಯಿತಲ್ಲ, ಇನ್ನೂ ಚರ್ಚೆ ಯಾತಕ್ಕೆ?

ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಪ್ರಕರಣ ನೋಡಿ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮಹಿಳಾ ಅಧಿಕಾರಿ ಮದುವೆಯಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ರಾಜೀನಾಮೆ ಕೇಳಬಹುದು ಎಂಬ ನಿಯಮ ಆ ಸೇವೆಯಲ್ಲಿತ್ತು. ಗಂಡಸರಿಗೆ ಇಂಥ ನಿಯಮವಿರಲಿಲ್ಲ. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಖಂಡಿಸಿದರು. 1950ರಿಂದ 1979ರವರೆಗೆ 14, 15, 16ನೇ ವಿಧಿಗಳು ಇದ್ದಲ್ಲೇ ಇದ್ದವು. ಒಬ್ಬ ಹೆಣ್ಣುಮಗಳು ಬಾಗಿಲು ತಟ್ಟುವವರೆಗೆ ಅವು ಸರ್ಕಾರದ ಸ್ವಂತ ಕಚೇರಿಯೊಳಗೇ ಕೆಲಸ ಮಾಡಲಿಲ್ಲ.

ಇನ್ನೂ ದೊಡ್ಡ ತೊಡಕು ಮನೆಯ ಹೊಸ್ತಿಲಲ್ಲಿದೆ. 15(1)ನೇ ವಿಧಿ ಕಟ್ಟಿಹಾಕುವುದು ಸರ್ಕಾರವನ್ನು. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಯಾರೂ ಯಾರನ್ನೂ ತಡೆಯಬಾರದೆಂದು 15(2) ಹೇಳುತ್ತದೆ. ಆದರೆ ಅಡುಗೆಮನೆ, ಮಲಗುವ ಕೋಣೆ, ಅಪ್ಪನ ಜಮೀನು? 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಬಾಳ್ವೆಗೆ ಬಾರದ ಹೆಂಡತಿಯನ್ನು ಕೋರ್ಟಿನ ಡಿಕ್ರಿಯಿಂದ ಗಂಡನ ಮನೆಗೆ ಕಳಿಸುವ ಕಲಂ ಸಂವಿಧಾನಕ್ಕೆ ವಿರುದ್ಧ ಎಂದಿತು. ಕೆಲವೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಇದಕ್ಕೆ ತದ್ವಿರುದ್ಧವಾಗಿ, ಮನೆಯೊಳಕ್ಕೆ ಸಂವಿಧಾನವನ್ನು ತರುವುದು ಪಿಂಗಾಣಿ ಅಂಗಡಿಗೆ ಗೂಳಿ ನುಗ್ಗಿಸಿದಂತೆ ಎಂದಿತು. ಸುಪ್ರೀಂ ಕೋರ್ಟ್ ಆಗ ದೆಹಲಿಯ ಅಭಿಪ್ರಾಯವನ್ನೇ ಒಪ್ಪಿತು. ಆ ಹೋಲಿಕೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಡೆದುಹೋದೀತು ಎಂದು ಕಾಪಾಡುತ್ತಿರುವ ಪಿಂಗಾಣಿ ಯಾರದು, ಅದರ ಚೂರು ಆಯುವ ಕೈ ಯಾರದು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಬೇರೆ ದೇಶಗಳಲ್ಲಿ ಇದೆಲ್ಲ ಯಾವಾಗಲೋ ಇತ್ಯರ್ಥವಾಗಿರಬೇಕಲ್ಲ?

ಹಾಗೇನಿಲ್ಲ. ಅಮೆರಿಕದಲ್ಲಿ ಲಿಂಗದ ಕಾರಣಕ್ಕೆ ಹಕ್ಕು ನಿರಾಕರಿಸಬಾರದು ಎಂಬ ತಿದ್ದುಪಡಿಯನ್ನು ಮೊದಲು ಮಂಡಿಸಿದ್ದು 1923ರಲ್ಲಿ. ಅಲ್ಲಿನ ಸಂಸತ್ತು ಒಪ್ಪಿದ್ದು 1972ರಲ್ಲಿ. 38 ರಾಜ್ಯಗಳ ಒಪ್ಪಿಗೆ ಬೇಕಿತ್ತು; 1982ರ ಗಡುವಿನೊಳಗೆ ಅಷ್ಟು ಸಿಗಲಿಲ್ಲ. 38ನೆಯದಾಗಿ ವರ್ಜೀನಿಯಾ ಒಪ್ಪಿದ್ದು 2020ರಲ್ಲಿ, ಗಡುವು ಮುಗಿದು ಎಷ್ಟೋ ವರ್ಷಗಳಾದ ಮೇಲೆ. ಆ ವ್ಯಾಜ್ಯ ಇನ್ನೂ ಹರಿದಿಲ್ಲ. ನಮ್ಮಲ್ಲಿ ಆ ಮಾತು ಸಂವಿಧಾನದ ಜೊತೆಗೇ ಹುಟ್ಟಿತು.

ಸಂವಿಧಾನ ಬರೆದವರೆಲ್ಲ ಗಂಡಸರೇ ತಾನೇ?

ಸಂವಿಧಾನ ರಚನಾ ಸಭೆಯಲ್ಲಿ 15 ಮಂದಿ ಮಹಿಳೆಯರಿದ್ದರು: ಹಂಸಾ ಮೆಹ್ತಾ, ರಾಜಕುಮಾರಿ ಅಮೃತ್ ಕೌರ್, ದುರ್ಗಾಬಾಯಿ, ದಾಕ್ಷಾಯಿಣಿ ವೇಲಾಯುಧನ್, ಬೇಗಂ ಐಜಾಜ್ ರಸೂಲ್ ಮೊದಲಾದವರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರೂ’ ಎಂದಿದ್ದುದನ್ನು ‘ಎಲ್ಲ ಮಾನವರೂ’ ಎಂದು ಬದಲಾಯಿಸಲು ಹಟ ಹಿಡಿದವರು ಇದೇ ಹಂಸಾ ಮೆಹ್ತಾ. ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರೂ ಆ ಸಭೆಯಲ್ಲಿದ್ದರು. ಮೈಸೂರು ಸಂಸ್ಥಾನದಿಂದ ಹೋದವರಲ್ಲಿ ಹೆಣ್ಣುಮಕ್ಕಳು ಇರಲಿಲ್ಲ.

ಆ ಮಹಿಳೆಯರೆಲ್ಲ ಒಂದೇ ದನಿಯಲ್ಲಿ ಮಾತನಾಡಿದರೆಂದೂ ತಿಳಿಯಬೇಡಿ. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೀಸಲಾತಿ ಬೇಡ ಎಂದು ರೇಣುಕಾ ರೇ ವಾದಿಸಿದ್ದರು. ಸ್ವತಂತ್ರ ಭಾರತದಲ್ಲಿ ಯೋಗ್ಯತೆಯೊಂದೇ ಅಳತೆಗೋಲಾಗುತ್ತದೆ, ಮೀಸಲಿಟ್ಟರೆ ಅಷ್ಟಕ್ಕೇ ಕಟ್ಟಿಹಾಕುತ್ತಾರೆ ಎಂಬುದು ಅವರ ನಂಬಿಕೆಯಾಗಿತ್ತು. ಆ ನಂಬಿಕೆಗೆ ನಾನು ಕೈಮುಗಿಯುತ್ತೇನೆ. ಆದರೆ ದೇಶ ಅದನ್ನು ಉಳಿಸಿಕೊಡಲಿಲ್ಲ.

ಸಮಾನತೆ ಎಂದ ಮೇಲೆ ಹೆಂಗಸರಿಗೆ ಮಾತ್ರ ಉಚಿತ ಬಸ್ ಏಕೆ? ಇದು ಗಂಡಸರಿಗೆ ಅನ್ಯಾಯವಲ್ಲವೇ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಪ್ರಶ್ನೆ ಕೇಳದ ಸಭೆಯೇ ಇಲ್ಲ. ಉತ್ತರ 15(3)ನೇ ವಿಧಿಯಲ್ಲಿದೆ: ಮಹಿಳೆಯರಿಗೆ, ಮಕ್ಕಳಿಗೆ ವಿಶೇಷ ಸೌಲಭ್ಯ ಮಾಡಲು ಸರ್ಕಾರಕ್ಕೆ ಅಡ್ಡಿಯಿಲ್ಲ. ಸಂವಿಧಾನ ಬರೆದವರು ಇದನ್ನು ಭೇದ ಮಾಡಬಾರದೆಂಬ ವಿಧಿಯೊಳಗೇ ಇಟ್ಟಿದ್ದಾರೆ. ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸುವ ಮೊದಲು, ಒಬ್ಬರ ತಲೆಯ ಮೇಲೆ ಹೊರೆ ಇದೆಯೇ ಎಂದು ನೋಡಿ ಎಂಬುದು ಅದರ ತಾತ್ಪರ್ಯ.

ನನ್ನ ತಕರಾರು ಬೇರೆ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಖಾಸಗಿ ಬಸ್ಸನ್ನೇ ನಂಬಿಕೊಂಡ ಊರುಗಳು ಬಹಳ. ಆ ಊರಿನ ಹೆಂಗಸಿಗೆ ಟಿಕೆಟಿನ ದುಡ್ಡು ತಪ್ಪಿಲ್ಲ. ಹೆಣ್ಣು ಹೆಣ್ಣಿನ ನಡುವಿನ ಈ ಅಂತರದ ಬಗ್ಗೆ ಯಾರಾದರೂ ಎದ್ದು ಕೇಳಲಿ ಎಂದು ಕಾಯುತ್ತಿದ್ದೇನೆ.

ನಾಟಿಗೆ ನಾವೇ ಬೇಕು, ಕೂಲಿ ಮಾತ್ರ ಗಂಡಾಳಿಗೆ ಹೆಚ್ಚು. ಇದಕ್ಕೆ ಕಾನೂನಿಲ್ಲವೇ?

ಇದೆ. 1976ರ ಸಮಾನ ವೇತನ ಕಾಯಿದೆ ‘ಒಂದೇ ಬಗೆಯ ಕೆಲಸಕ್ಕೆ’ ಗಂಡು ಹೆಣ್ಣಿನ ಕೂಲಿಯಲ್ಲಿ ಭೇದ ಕೂಡದು ಎಂದಿತು; 2019ರ ವೇತನ ಸಂಹಿತೆಯಲ್ಲೂ ಆ ಮಾತಿದೆ. 1987ರಲ್ಲಿ ಮಹಿಳಾ ಸ್ಟೆನೋಗ್ರಾಫರ್ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಂಪನಿಗೆ ಕೊಡುವ ಶಕ್ತಿ ಇಲ್ಲ ಎಂಬ ನೆಪವೂ ನಡೆಯುವುದಿಲ್ಲ ಎಂದಿತು.

ಮೋಸ ನಡೆಯುವುದು ಕೆಲಸಕ್ಕೆ ಹೆಸರಿಡುವಾಗ. ಭದ್ರಾ ನಾಲೆಯ ಬಯಲಿನಲ್ಲಿ ಮಡಿ ಏರಿಸುವುದು, ಔಷಧ ಹೊಡೆಯುವುದು ‘ಗಂಡಾಳಿನ ಕೆಲಸ’. ನಾಟಿ, ಕಳೆ ‘ಹೆಣ್ಣಾಳಿನ ಕೆಲಸ’. ಕೆಲಸವೇ ಬೇರೆ, ಆದ್ದರಿಂದ ಕೂಲಿಯೂ ಬೇರೆ ಎನ್ನುತ್ತಾರೆ. ಕೆಸರಿನಲ್ಲಿ ಕಾಲು ಹೂತು, ಸೊಂಟ ಬಾಗಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಂದೆ ಹಿಂದೆ ಸರಿಯುತ್ತ ಸಸಿ ಊರುವುದು ಹಗುರ ಕೆಲಸ ಎಂದು ನಿರ್ಧರಿಸಿದವರು ಯಾರು? ನಾಟಿ ಮಾಡಿದ ಹೆಂಗಸೊಬ್ಬಳು ಸಭೆಯಲ್ಲಿ ತನ್ನ ಕಾಲ್ಬೆರಳುಗಳನ್ನು ತೋರಿಸಿದಳು. ಬೆರಳ ಸಂದುಗಳು ಬೆಳ್ಳಗೆ ಸುಲಿದು ಕೆಸರುಹುಣ್ಣಾಗಿದ್ದವು. ಅರಿಶಿನ, ಎಣ್ಣೆ ಹಚ್ಚಿಕೊಂಡು ಮರುದಿನ ಮತ್ತೆ ಗದ್ದೆಗೆ ಇಳಿಯಬೇಕಿತ್ತು.

ಅಪ್ಪನ ಜಮೀನಿನಲ್ಲಿ ನನಗೆ ನಿಜವಾಗಿಯೂ ಪಾಲಿದೆಯೇ? ಮದುವೆಯಾಗಿ ಇಪ್ಪತ್ತು ವರ್ಷವಾಯಿತು.

ಇದೆ. ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ದಾವಣಗೆರೆಯನ್ನೂ ಒಳಗೊಂಡ ಅಂದಿನ ಚಿತ್ರದುರ್ಗ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳಿಗೆಂದು ಕಾಯಿದೆ ತಂದು, ಪಾಲಾಗುವಾಗ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಇಡಬೇಕೆಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಹಿಂದೂಗಳ ಮದುವೆ, ಆಸ್ತಿಯ ಕಾನೂನು ತಿದ್ದುವ ಹಿಂದೂ ಸಂಹಿತೆ ಮಸೂದೆ ಹಿಡಿದು ಹೊರಟ ಅಂಬೇಡ್ಕರ್ ಅವರಿಗೆ ಸಂಸತ್ತಿನ ಒಳಗೂ ಹೊರಗೂ ವಿರೋಧ ಎದುರಾಯಿತು. ಮಸೂದೆ ಮೂಲೆಗೆ ಸೇರಿದ್ದು 1951ರಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಡಲು ಮುಖ್ಯ ಕಾರಣಗಳಲ್ಲಿ ಒಂದಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಲ್ಲೇ ಉಳಿಯಿತು. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಆ ಹಕ್ಕು ವಿಸ್ತರಿಸಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ‘ಆ ದಿನ ಅಪ್ಪ ಬದುಕಿರಬೇಕಿತ್ತು’ ಎಂಬ ವಾದ ಬಹಳ ವರ್ಷ ನಡೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಅಂದು ಬದುಕಿರಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿತು.

ಎರಡು ಎಚ್ಚರಿಕೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರವಿದ್ದರೆ, ಅಥವಾ ಕೋರ್ಟಿನ ಡಿಕ್ರಿಯಿಂದ ಪಾಲಾಗಿದ್ದರೆ, ಅದನ್ನು ಮತ್ತೆ ಕೆದಕಲಾಗುವುದಿಲ್ಲ. ‘ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು’ ಎಂದು ಅಣ್ಣತಮ್ಮಂದಿರು ಹೇಳಿದ ಮಾತ್ರಕ್ಕೆ ಕೋರ್ಟು ಒಪ್ಪುವುದಿಲ್ಲ, ಸರ್ಕಾರಿ ದಾಖಲೆಗಳ ಆಧಾರ ಕೇಳುತ್ತದೆ. ಇನ್ನು ಸ್ವಯಾರ್ಜಿತವನ್ನು ಅಪ್ಪ ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು.

ಪಾಲು ಕೇಳಿದರೆ ತವರು ತಪ್ಪಿಹೋಗುತ್ತದೆಯಲ್ಲ?

ಈ ಪ್ರಶ್ನೆಗೆ ನಾನು ವಕೀಲೆಯಾಗಿ ಉತ್ತರಿಸಲಾರೆ. ನನ್ನದೇ ಕಥೆ ಹೇಳುತ್ತೇನೆ.

2009ರಲ್ಲಿ, ಅಪ್ಪ ತೀರಿಕೊಂಡ ಮರುವರ್ಷ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ನಾನು ಸಹಿ ಹಾಕಿದೆ. ಆಗಲೇ ಕರಿಕೋಟು ತೊಟ್ಟು ಆರು ವರ್ಷವಾಗಿತ್ತು. 2005ರ ತಿದ್ದುಪಡಿಯನ್ನು ಬೇರೆಯವರಿಗೆ ವಿವರಿಸುತ್ತಿದ್ದವಳು ನಾನೇ. ಅಣ್ಣ ಒಂದು ಸೀರೆ, ಮೊಳ ಮಲ್ಲಿಗೆ ತಂದಿದ್ದ. ಬರಹಗಾರರು ಬೆರಳಚ್ಚು ಮಾಡಿದ್ದ ಪತ್ರದಲ್ಲಿ ‘ನನ್ನ ಮದುವೆ ಕಾಲಕ್ಕೆ ಬಂಗಾರ, ಅರಿಶಿನ ಕುಂಕುಮದ ರೂಪದಲ್ಲಿ ನನ್ನ ಹಿಸ್ಸೆ ನನಗೆ ತಲುಪಿರುತ್ತದೆ, ಸ್ವಸಂತೋಷದಿಂದ ಹಕ್ಕು ಬಿಟ್ಟುಕೊಟ್ಟಿರುತ್ತೇನೆ’ ಎಂದಿತ್ತು. ಹೆಬ್ಬೆರಳಿನ ಮಸಿಯನ್ನು ಗೋಡೆಗೆ ಒರೆಸಿದೆ. ಆ ಗೋಡೆಯ ಮೇಲೆ ನನಗಿಂತ ಮೊದಲು ಬಂದವರ ನೂರಾರು ಹೆಬ್ಬೆರಳ ಗುರುತುಗಳಿದ್ದವು. ಅವುಗಳಲ್ಲಿ ಎಷ್ಟು ಹೆಣ್ಣುಮಕ್ಕಳವು ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಅಣ್ಣ ಕೆಟ್ಟವನಲ್ಲ. ಗೌರಿ ಹಬ್ಬಕ್ಕೆ ತಪ್ಪದೆ ಕರೆಯುತ್ತಾನೆ. ಆದರೆ ‘ಕೇಳಿದರೆ ತವರು ತಪ್ಪುತ್ತದೆ’ ಎಂಬ ಭಯದಲ್ಲಿ ಮಾಡಿದ ಸಹಿಗೆ ಸ್ವಸಂತೋಷ ಎಂಬ ಹೆಸರು ಸಲ್ಲದು. ತನ್ನ ಪಾಲು ಕೇಳುವ ತಮ್ಮನಿಗೆ ಯಾರೂ ‘ಮನೆ ಒಡೆದೆ’ ಎನ್ನುವುದಿಲ್ಲ. ಅದಕ್ಕೆ ವಿಭಾಗ ಎನ್ನುತ್ತಾರೆ. ಅಕ್ಕ ಕೇಳಿದರೆ ಮಾತ್ರ ಮನೆ ಒಡೆಯುತ್ತದೆ. ನಿಮ್ಮ ಪಾಲನ್ನು ತಿಳಿದೂ ತಿಳಿದೂ ಪ್ರೀತಿಯಿಂದ ಬಿಟ್ಟುಕೊಡುವುದು ನಿಮ್ಮ ಹಕ್ಕು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಪತ್ರವನ್ನು ಮನೆಗೆ ತಂದು, ಓದಿಸಿ ಕೇಳಿ, ಒಂದು ವಾರ ಬಿಟ್ಟು ಸಹಿ ಮಾಡಿ. ಮೋಸದಿಂದಲೋ ಬಲವಂತದಿಂದಲೋ ಸಹಿ ಪಡೆದಿದ್ದರೆ, ಅದು ಗೊತ್ತಾದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು.

ಮುಟ್ಟಾದವರನ್ನು ಹಟ್ಟಿಯಿಂದ ಹೊರಗೆ ಕೂರಿಸುವುದು ನಮ್ಮ ದೇವರ ಕಟ್ಟಳೆ. ಸಂವಿಧಾನ ಅದಕ್ಕೆ ಕೈಹಾಕಬಹುದೇ?

ಹಿರಿಯೂರಿನ ಕಡೆಯ ಹಟ್ಟಿಯೊಂದರಲ್ಲಿ ಇದನ್ನು ಕೇಳಿದವರು ಒಬ್ಬ ಅಜ್ಜಿ. ಕೋಪದಿಂದ ಕೇಳಲಿಲ್ಲ, ಕಳವಳದಿಂದ ಕೇಳಿದರು. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಸೂತಕವೆಂದು ಹಟ್ಟಿಯ ಹೊರಗೆ ಉಳಿಯುವ ಪದ್ಧತಿ ಇದೆ. ಅಜ್ಜಿಯ ಪಾಲಿಗೆ ಅದು ಭಕ್ತಿ. ಆದರೆ ಅದೇ ದಿನ ಹಟ್ಟಿಯ ಆಚೆ ನಾನು ಕಂಡದ್ದು ತಗಡು, ಗರಿ ಹೊದಿಸಿದ ಗುಡಿಸಲು. ಒಳಗೆ ನಿಂತರೆ ತಲೆ ತಾಕುತ್ತಿತ್ತು. ಪಕ್ಕದಲ್ಲಿ ಮುಚ್ಚಳವಿಲ್ಲದ ನೀರಿನ ಬಿಂದಿಗೆ, ಮಡಿಸಿಟ್ಟ ಒಂದು ಕಂಬಳಿ. ಮಳೆಗಾಲದ ರಾತ್ರಿ ಎಳೆ ಮಗುವಿನೊಂದಿಗೆ ಅಲ್ಲಿರುವುದನ್ನು ಕಲ್ಪಿಸಿಕೊಳ್ಳಿ.

ಧಾರ್ಮಿಕ ಸ್ವಾತಂತ್ರ್ಯ ಕೊಡುವ 25ನೇ ವಿಧಿಯೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಎಂದು ಹೇಳುತ್ತದೆ. ಮುಟ್ಟಿನ ಕಾರಣಕ್ಕೆ ಹೆಣ್ಣನ್ನು ದೂರವಿಡುವುದು ಅಸ್ಪೃಶ್ಯತೆಯ ಒಂದು ರೂಪವೇ ಎಂದು 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ಆ ತೀರ್ಪಿನ ಪ್ರಶ್ನೆಗಳು ಮುಂದೆ ದೊಡ್ಡ ಪೀಠದ ಮುಂದೆ ಹೋದವು. ಕರ್ನಾಟಕದ 2017ರ ಅಮಾನವೀಯ ಅನಿಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯಿದೆಯಲ್ಲಿ, ಮುಟ್ಟಾದ ಇಲ್ಲವೇ ಗರ್ಭಿಣಿ ಹೆಣ್ಣನ್ನು ಬಲವಂತವಾಗಿ ಪ್ರತ್ಯೇಕವಿಡುವುದು ಶಿಕ್ಷಾರ್ಹ.

ಆದರೂ ಹಟ್ಟಿಗೆ ಪೊಲೀಸರನ್ನು ಕರೆದುಕೊಂಡು ಹೋಗುವುದರಲ್ಲಿ ನನಗೆ ನಂಬಿಕೆಯಿಲ್ಲ. ಒನಕೆ ಓಬವ್ವನ ಕಿಂಡಿಯನ್ನು ಶಾಲಾ ಮಕ್ಕಳಿಗೆ ತೋರಿಸಿ ಹೆಮ್ಮೆಪಡುವ ಜಿಲ್ಲೆಯಲ್ಲಿ, ಅದೇ ಮಕ್ಕಳು ತಿಂಗಳಿಗೆ ಮೂರು ದಿನ ಊರಾಚೆ ಕೂರುವುದನ್ನು ಶಿಕ್ಷಕಿಯರು, ಆಶಾ ಕಾರ್ಯಕರ್ತೆಯರು, ಹಟ್ಟಿಯ ಓದಿದ ಹೆಣ್ಣುಮಕ್ಕಳು ಸೇರಿ ನಿಲ್ಲಿಸಬಲ್ಲರು. ಅಂಥವರು ಇದ್ದಾರೆ. ಅವರ ಬೆನ್ನಿಗೆ ಕಾನೂನು ನಿಂತಿರಬೇಕು.

ಅಧ್ಯಕ್ಷೆ ಹೆಸರಿಗೆ ಮಾತ್ರ, ಆಡಳಿತ ಗಂಡನದು. ಇಂಥ ಮೀಸಲಾತಿಯಿಂದ ಏನು ಬಂತು?

ಕುರ್ಚಿಯಲ್ಲಿ ಗಂಡ ಕೂತು, ಸಹಿಗೆ ಮಾತ್ರ ಕಡತ ಮನೆಗೆ ಹೋಗುವುದನ್ನು ನಾನೂ ಕಂಡಿದ್ದೇನೆ. ಆ ಗಂಡನ ತಪ್ಪಿಗೆ ಹೆಂಡತಿಯ ಹಕ್ಕು ಕಿತ್ತುಕೊಳ್ಳಿ ಎನ್ನುವುದು ಎಲ್ಲಿಯ ನ್ಯಾಯ?

ಕರ್ನಾಟಕ 1983ರ ಕಾಯಿದೆಯಲ್ಲೇ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಲ್ಲಿ ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಇಟ್ಟಿತ್ತು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದರಷ್ಟನ್ನು ಕಡ್ಡಾಯ ಮಾಡಿತು. ನಮ್ಮ ರಾಜ್ಯ 2010ರಿಂದ ಅದನ್ನು ಶೇ 50ಕ್ಕೆ ಏರಿಸಿತು. ಮೊದಲ ಅವಧಿಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಿದ್ದ ಸದಸ್ಯೆಯೊಬ್ಬರು, ಎರಡನೇ ಅವಧಿಯಲ್ಲಿ ಕುಡಿಯುವ ನೀರಿನ ಬಿಲ್ ಹಿಡಿದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಸಭೆಯಲ್ಲೇ ಲೆಕ್ಕ ಕೇಳಿದ್ದಕ್ಕೆ ನಾನು ಸಾಕ್ಷಿ. ಐದು ವರ್ಷ ಕೂತು ನೋಡಿದರೆ ಯಾರಿಗಾದರೂ ಕೆಲಸ ತಿಳಿಯುತ್ತದೆ.

ವಿಧಾನಸಭೆ, ಲೋಕಸಭೆಯ ಕಥೆ ನಿಧಾನ. ಮೊದಲ ಮಸೂದೆ ಮಂಡನೆಯಾದದ್ದು 1996ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಮೂರನೇ ಒಂದರಷ್ಟು ಮೀಸಲಾತಿ ಕೊಡುವ 106ನೇ ತಿದ್ದುಪಡಿ ಅಂಗೀಕಾರವಾದದ್ದು 2023ರ ಸೆಪ್ಟೆಂಬರಿನಲ್ಲಿ, ಅದೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂಬ ಷರತ್ತಿನೊಂದಿಗೆ. 2024ರಲ್ಲಿ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಮೀಸಲಾತಿ ಇಲ್ಲದೆಯೂ ಎರಡು ದೊಡ್ಡ ಪಕ್ಷಗಳು ಮಹಿಳೆಯರನ್ನೇ ನಿಲ್ಲಿಸಿದವು. ಪ್ರಭಾ ಮಲ್ಲಿಕಾರ್ಜುನ್ ಗೆದ್ದರು. ಸಂತೋಷದ ಸಂಗತಿಯೇ. ರಾಜಕೀಯ ಮನೆತನದ ನಂಟಿಲ್ಲದ ಹೆಣ್ಣುಮಗಳಿಗೂ ಟಿಕೆಟ್ ಸಿಗುವ ದಿನಕ್ಕೆ ಮೀಸಲಾತಿ ಬೇಕು ಎನ್ನುವುದು ನನ್ನ ವಾದ.

ಎಲ್ಲ ಧರ್ಮಕ್ಕೂ ಒಂದೇ ಕಾನೂನು ಬಂದರೆ ಎಲ್ಲ ಸರಿಹೋಗುವುದಿಲ್ಲವೇ?

1947ರಲ್ಲಿ ಹಂಸಾ ಮೆಹ್ತಾ, ಅಮೃತ್ ಕೌರ್ ಹಾಗೆಯೇ ಬಯಸಿದ್ದರು. ಕೊನೆಗೆ ಅದು 44ನೇ ವಿಧಿಯಲ್ಲಿ ನಿರ್ದೇಶಕ ತತ್ವವಾಗಿ, ಅಂದರೆ ಕೋರ್ಟಿಗೆ ಹೋಗಿ ಜಾರಿ ಮಾಡಿಸಲಾಗದ ಮಾರ್ಗಸೂಚಿಯಾಗಿ ಉಳಿಯಿತು. ಒಂದೇ ಕಾನೂನು ಎಂಬುದಕ್ಕಿಂತ ಆ ಕಾನೂನು ಹೆಣ್ಣಿಗೆ ಸಮಾನವೇ ಎಂಬುದು ನನಗೆ ಮುಖ್ಯ. ಮುಸ್ಲಿಂ ಮಗಳಿಗೆ ಮಗನ ಅರ್ಧ ಪಾಲು, ಅದು ಬದಲಾಗಬೇಕು. ಹಿಂದೂ ಕಾನೂನು ಮಾತ್ರ ತಿದ್ದಿಕೊಂಡು ಮುಗಿಸಿದೆ ಎಂದುಕೊಂಡವರು ಮುಂದಿನ ಉತ್ತರ ಓದಲಿ.

ನನಗೆ ಮಕ್ಕಳಿಲ್ಲ, ಗಂಡನೂ ಇಲ್ಲ. ದುಡಿದು ಕಟ್ಟಿಸಿದ ಮನೆ ನನ್ನ ನಂತರ ಯಾರಿಗೆ?

ಉಯಿಲು ಬರೆಯದಿದ್ದರೆ, ನಿಮ್ಮ ಹೆತ್ತ ತಾಯಿ ಬದುಕಿದ್ದರೂ, ನಿಮ್ಮ ಗಂಡನ ವಾರಸುದಾರರಿಗೆ. ಉತ್ತರಾಧಿಕಾರ ಕಾಯಿದೆಯ 15ನೇ ಕಲಂ ಹಾಗೆ ಹೇಳುತ್ತದೆ. ಮಕ್ಕಳಿಲ್ಲದ ಗಂಡಸು ಸತ್ತರೆ ಅವನ ಆಸ್ತಿ ಹೆಂಡತಿಯ ತವರಿಗೆ ಹೋಗುವುದಿಲ್ಲ. ಮದುವೆಯಾದ ಕೆಲವೇ ತಿಂಗಳಲ್ಲಿ ಗಂಡ ತೀರಿಕೊಂಡು, ಅತ್ತೆಮನೆಯಿಂದ ಹೊರಹಾಕಲ್ಪಟ್ಟು, ತವರಿನ ಆಸರೆಯಲ್ಲಿ ಓದಿ, ದುಡಿದು ಗಳಿಸಿದ ಹೆಣ್ಣೊಬ್ಬಳ ಹಣವೂ ಗಂಡನ ಕಡೆಯವರಿಗೇ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡಬೇಕಾಯಿತು, ಕಾನೂನು ಹಾಗಿರುವ ಕಾರಣಕ್ಕೆ. ತವರಿನಿಂದ ವಾರಸಾಗಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ಅಪ್ಪನ ಕಡೆಗೆ ಮರಳುತ್ತದೆ. ದಯವಿಟ್ಟು ಉಯಿಲು ಬರೆಯಿರಿ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ನನಗೆ ಜಮೀನು ಬೇಡ. ವಂಶವೃಕ್ಷದಲ್ಲಿ ನನ್ನ ಹೆಸರಾದರೂ ಇರಬೇಕಲ್ಲ?

ಜಗಳೂರಿನ ಕಡೆಯ ಎಪ್ಪತ್ತು ದಾಟಿದ ಒಬ್ಬ ತಾಯಿ ಇದನ್ನು ಕೇಳಿದರು. ಅವರ ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ತಮ್ಮಂದಿರು ಮಾಡಿಸಿದ ವಂಶವೃಕ್ಷದಲ್ಲಿ ಮೂವರು ಗಂಡುಮಕ್ಕಳ ಹೆಸರಿತ್ತು. ಹೆಣ್ಣುಮಕ್ಕಳ ಕೊಂಬೆಯೇ ಇರಲಿಲ್ಲ. ‘ಹಾಗಾದರೆ ನಾ ಹುಟ್ಟೇ ಇಲ್ಲವೇ?’ ಎಂದು ಆಕೆ ನನ್ನನ್ನು ನೋಡಿದರು.

ಮದುವೆಯಾಗಿರಲಿ, ತೀರಿಕೊಂಡಿರಲಿ, ಎಲ್ಲ ಹೆಣ್ಣುಮಕ್ಕಳ ಹೆಸರೂ ವಂಶವೃಕ್ಷದಲ್ಲಿ ಇರಲೇಬೇಕು. ಬಿಟ್ಟಿದ್ದರೆ, ನಾಡಕಚೇರಿಯಿಂದ ಅದರ ಪ್ರತಿ ಪಡೆದು, ನೀವು ಅವರ ಮಗಳೆಂಬುದಕ್ಕೆ ಇರುವ ದಾಖಲೆ (ಶಾಲಾ ದಾಖಲಾತಿ, ಅಪ್ಪನ ಹೆಸರಿರುವ ಹಳೆಯ ಪಡಿತರ ಚೀಟಿ, ಯಾವುದಾದರೂ) ಸೇರಿಸಿ, ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಡಿ, ಸ್ವೀಕೃತಿ ಪಡೆಯಿರಿ. ಆ ತಾಯಿಯ ಬಳಿ ಯಾವ ಕಾಗದವೂ ಇರಲಿಲ್ಲ. ಊರಿನ ಇಬ್ಬರು ಹಿರಿಯರು ಪ್ರಮಾಣಪತ್ರ ಬರೆದುಕೊಟ್ಟರು. ಅರ್ಜಿಯ ಮೇಲೆ ಹೆಸರು ಬರೆಯುವಾಗ ‘ಗಂಡನ ಹೆಸರು ಬರೆಯಲೇ?’ ಎಂದು ಗುಮಾಸ್ತರು ಕೇಳಿದರು. ‘ಇಲ್ಲಪ್ಪ, ಅಪ್ಪನದು’ ಎಂದು ಹೇಳಿ, ಪೆನ್ನು ತಾವೇ ಇಸಿದುಕೊಂಡು, ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದರು.